ಕರಿ ಕೀಬೋರ್ಡಿನೊಳಗೆ ಬೆಳಕಿಗೊಂದು ದಾರಿ

ರಾತ್ರಿ ಕತ್ತಲಲ್ಲಿ ಟೈಪ್ ಮಾಡಲು ಅಂತ ನನ್ನ ಹಳೇ ಕೀಬೋರ್ಡಿನೊಳಗೆ ನಾನೇ ಎಲ್‌ಇಡಿ ದೀಪ ಕೂರಿಸಿದೆ. "ಲೈಟ್ ಇರೋ ಕೀಬೋರ್ಡನ್ನೇ ತಗೊಂಡುಬಿಡಬಹುದಿತ್ತಲ್ಲ" ಅಂತ ಕೇಳಿದವರು ಬಹಳ ಜನ. ತಗೋಬಹುದಿತ್ತು, ಅಂಗಡಿಗೆ ಹೋಗಿ ನೋಡಿಯೂ ಬಂದೆ. ನನ್ನ ಕೈಗೆಟುಕುವ ಬೆಲೆಯಲ್ಲಿ ಇದ್ದವೆಲ್ಲ ಗೇಮ್ ಆಡುವ ಹುಡುಗರಿಗೆ ಅಂತ ಮಾಡಿದವು. ಎಡಗಡೆ ಕೆಂಪು, ನಡುವೆ ಹಸಿರು, ಬಲಗಡೆ ನೀಲಿ. ಬೆಳಕನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳಲು ಬರುವುದಿಲ್ಲ, ಹೊತ್ತಿಸಬೇಕು ಇಲ್ಲ ಆರಿಸಬೇಕು. ಅದಕ್ಕಿಂತ ಹೆಚ್ಚಾಗಿ, ನನ್ನ ಹಳೇ ಕೀಬೋರ್ಡು ನನ್ನ ಬೆರಳಿಗೆ ಒಗ್ಗಿಹೋಗಿದೆ. ಯಾವ ಕೀ ಎಷ್ಟು ಒತ್ತಿದರೆ ಅಕ್ಷರ ಬೀಳುತ್ತದೆ ಅನ್ನುವುದು ಕೈಗೇ ಗೊತ್ತು. ದಿನವಿಡೀ ಟೈಪ್ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಕೀಬೋರ್ಡ್ ಅದೇ ಇರಲಿ, ಬೆಳಕನ್ನು ನಾನೇ ಒಳಗೆ ತರುತ್ತೇನೆ ಅಂತ ತೀರ್ಮಾನ ಮಾಡಿದೆ.

ನನ್ನದು ದಾವಣಗೆರೆಯಲ್ಲಿ, ಮನೆಯಲ್ಲೇ ಕೂತು ಮಾಡುವ ಟೈಪಿಂಗ್ ಕೆಲಸ. ಈ ಊರಲ್ಲಿ ಕಾಲೇಜುಗಳಿಗೆ ಬರವಿಲ್ಲ, ಹಾಗಾಗಿ ಪ್ರಾಜೆಕ್ಟ್ ರಿಪೋರ್ಟುಗಳಿಗೂ ಬರವಿಲ್ಲ. ಜೊತೆಗೆ ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ವಕೀಲರ ಕಾಗದಪತ್ರ. ಕರಡು ಸಂಜೆ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬರುತ್ತದೆ, ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಪರದೆಯ ಒಂದು ಬದಿ ಆ ಫೋಟೋ, ಇನ್ನೊಂದು ಬದಿ ಕನ್ನಡ ಟೈಪ್ ಮಾಡುವ ತಂತ್ರಾಂಶ ನುಡಿ. ಕಂಪ್ಯೂಟರ್ ಇರುವುದು ನಡುಮನೆಯಲ್ಲಿ, ಅಲ್ಲೇ ನಮ್ಮ ಅತ್ತೆ ಮಲಗುತ್ತಾರೆ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಟೇಬಲ್ ಲ್ಯಾಂಪ್ ಇಟ್ಟರೆ ಗೋಡೆಗೆ ಬಡಿದ ಬೆಳಕು ಮತ್ತೆ ಅವರ ಮುಖದ ಮೇಲೇ.

ಟೈಪಿಂಗ್ ಬಲ್ಲವರಿಗೆ ಕೀ ನೋಡುವ ಕೆಲಸವೇನು ಅಂತ ಅನ್ನಿಸಬಹುದು. ನುಡಿಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ ಉಚ್ಚಾರಕ್ಕೆ ಹತ್ತಿರದ್ದು, ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ನಡುವಿನ ಸಾಲು ಕಣ್ಣು ಮುಚ್ಚಿಯೂ ಹೊಡೆಯುತ್ತೇನೆ, ಒತ್ತಕ್ಷರಕ್ಕೆ ಬೇಕಾದ ಎಫ್ ಕೀ ತೋರುಬೆರಳಿನ ಕೆಳಗೇ ಇದೆ. ತೊಂದರೆ ಇರುವುದು ಅಂಚಿನಲ್ಲಿ. ಟ ಮತ್ತು ಡ ಕೂತಿರುವುದು ಎಡಮೂಲೆಯ ಕ್ಯೂ, ಡಬ್ಲ್ಯೂ ಕೀಗಳಲ್ಲಿ. ಅದರ ಮೇಲೆ ಅಂಕಿಗಳ ಸಾಲು. ವಾರ್ಷಿಕ ವರದಿಯ ಜಮಾ-ಖರ್ಚಿನ ಕೋಷ್ಟಕ ಹೊಡೆಯುವಾಗ ಕೈ ಮೌಸಿಗೆ ಹೋಗಿ ಮತ್ತೆ ವಾಪಸ್ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಕತ್ತಲಲ್ಲಿ ಜಾಗ ಹುಡುಕಬೇಕು. ಪರದೆಯ ಬೆಳಕು ಮುಖಕ್ಕೆ ಬೀಳುತ್ತದೆಯೇ ಹೊರತು ಕೀಗಳಿಗೆ ಅಷ್ಟಾಗಿ ಬೀಳುವುದಿಲ್ಲ.

ಮೊದಲು ಕೀಬೋರ್ಡ್ ಬಿಚ್ಚಿದೆ. ಬೆನ್ನಿನ ಸ್ಕ್ರೂಗಳೆಲ್ಲ ಕಣ್ಣಿಗೆ ಕಾಣುತ್ತವೆ, ಒಂದು ಮಾತ್ರ ಕಂಪನಿ ಸ್ಟಿಕ್ಕರಿನ ಕೆಳಗೆ ಅಡಗಿರುತ್ತದೆ. ಸ್ಟಿಕ್ಕರ್ ಮೇಲೆ ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಸ್ಕ್ರೂ ತೆಗೆದ ಮೇಲೂ ಅಂಚಿನಲ್ಲಿ ಕೊಕ್ಕೆಗಳು ಕಚ್ಚಿಕೊಂಡಿರುತ್ತವೆ, ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತಲೂ ಎಳೆದರೆ ಬಿಡುತ್ತವೆ. ಒಳಗಿದ್ದ ಧೂಳು ನೋಡಿ ಬೆರಗಾದೆ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಕಡೆಗಿದೆ, ಗಾಳಿ ಈ ಕಡೆ ತಿರುಗಿದಾಗ ಮಸಿ ಒಣಬಟ್ಟೆಯ ಮೇಲೆ ಕೂರುವುದು ಗೊತ್ತಿತ್ತು. ಕೀಬೋರ್ಡಿನ ಹೊಟ್ಟೆಯೊಳಗೂ ಅದೇ ನುಣುಪಾದ ಕರಿಹುಡಿ ಪದರಗಟ್ಟಿತ್ತು. ಬಣ್ಣದ ಬ್ರಷ್‌ನಿಂದ ಗುಡಿಸಿ ತೆಗೆದೆ.

ಈ ಅಗ್ಗದ ಕೀಬೋರ್ಡಿನ ಒಳರಚನೆ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಎಲ್ಲಕ್ಕಿಂತ ಕೆಳಗೆ ಪ್ಲಾಸ್ಟಿಕ್ ತಳ. ಅದರ ಮೇಲೆ ತೆಳುವಾದ ಪಾಲಿಯೆಸ್ಟರ್ ಹಾಳೆಗಳು ಮೂರು. ಮೇಲಿನದಕ್ಕೂ ಕೆಳಗಿನದಕ್ಕೂ ಕರೆಂಟ್ ಹರಿಯುವ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ, ನಡುವಿನದು ಬರೀ ತೂತುಗಳಿರುವ ಹಾಳೆ. ಕೀ ಒತ್ತಿದಾಗ ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಗೆ ತಾಗುತ್ತದೆ, ಅಕ್ಷರ ಬೀಳುತ್ತದೆ. ಈ ಹಾಳೆಗಳ ಮೇಲೆ ಬಿಳಿಚಿಕೊಂಡ ರಬ್ಬರ್ ಹಾಸು, ಇಡ್ಲಿ ತಟ್ಟೆಯನ್ನು ಬೋರಲು ಹಾಕಿದ ಹಾಗೆ ಸಾಲುಸಾಲು ಗುಬ್ಬಿಗಳು. ಒತ್ತಿದ ಕೀಯನ್ನು ವಾಪಸ್ ಮೇಲಕ್ಕೆ ತಳ್ಳುವುದು ಈ ಗುಬ್ಬಿಯೇ. ಅದರ ಮೇಲೆ ಕರಿ ಪ್ಲಾಸ್ಟಿಕ್ಕಿನ ಮೇಲ್ಗವಚ. ಆ ಕವಚದಲ್ಲೇ ಪ್ರತಿ ಕೀಗೂ ಒಂದೊಂದು ಕೊಳವೆ ಎರಕ ಹೊಯ್ದಿರುತ್ತಾರೆ, ಕೀಯ ಕಾಲು ಅದರೊಳಗೆ ಜಾರುತ್ತದೆ.

ಆ ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹೊತ್ತಿಸಿ, ಪ್ರತಿ ಪದರದ ಹಿಂದೆಯೂ ಹಿಡಿದು ನೋಡಿದೆ. ಈ ಕೆಲಸಕ್ಕೆ ಕೈ ಹಾಕುವವರು ಯಾರೇ ಆಗಲಿ ಮೊದಲು ಮಾಡಬೇಕಾದ್ದು ಇದೇ ಅಂತ ನನ್ನ ಅಭಿಪ್ರಾಯ. ಪಾಲಿಯೆಸ್ಟರ್ ಹಾಳೆ ಬೆಳಕನ್ನು ಸಲೀಸಾಗಿ ಬಿಡುತ್ತದೆ. ರಬ್ಬರ್ ಹಾಸು ಹಾಲಿನ ಬಣ್ಣದ ಮಂದ ಬೆಳಕಾಗಿ ಹರಡಿ ಬಿಡುತ್ತದೆ. ಅದು ನೋಡಲೇ ಬಹಳ ಚೆಂದ. ಕರಿ ಮೇಲ್ಗವಚಕ್ಕೆ ಹಿಡಿದರೆ ಮಾತ್ರ ಪೂರ್ತಿ ಕತ್ತಲೆ. ಕೊಳವೆಗಳ ಬಾಯಲ್ಲಿ ಒಂದಿಷ್ಟು ಬೆಳಕು ಕಂಡರೂ ಅದರ ಮೇಲೆ ಕೀ ಕೂತ ಕೂಡಲೇ ಅದೂ ಹೋಯಿತು. ಕೀಗಳೂ ಅಪಾರದರ್ಶಕ, ಅಕ್ಷರಗಳನ್ನು ಮೇಲಿನಿಂದ ಅಚ್ಚು ಹಾಕಿದ್ದು. ಬೆಲೆ ಹೆಚ್ಚಿನ ಕೀಬೋರ್ಡುಗಳಲ್ಲಿ ಕೀಯನ್ನು ಬೆಳಕು ಹಾಯುವ ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಮೇಲೆ ಕರಿ ಬಳಿದು, ಅಕ್ಷರದ ಆಕಾರದಲ್ಲಿ ಆ ಕಪ್ಪನ್ನು ಲೇಸರಿನಿಂದ ಕೆರೆದಿರುತ್ತಾರೆ. ಅಕ್ಷರ ಹೊಳೆಯುವುದು ಅದಕ್ಕೆ. ನನ್ನ ಕೀಬೋರ್ಡಿನ ತಳದಲ್ಲಿ ಎಷ್ಟೇ ಎಲ್‌ಇಡಿ ಸುರಿದರೂ ಅಕ್ಷರ ಹೊಳೆಯುವ ಮಾತೇ ಇಲ್ಲ. ಬೆಳಕು ಹೊರಗೆ ಬರುವುದಿದ್ದರೆ ಕೀಗಳ ನಡುವಿನ ಸಂದಿಯಿಂದಲೇ ಬರಬೇಕು, ಸಂದಿಯ ಕೆಳಗೆ ಇರುವುದು ಗೋಡೆಯಂಥ ಕವಚ.

ಅಂದರೆ ದೀಪ ಹಚ್ಚುವುದು ಇಲ್ಲಿ ದೊಡ್ಡ ಕೆಲಸವೇ ಅಲ್ಲ, ದಾರಿ ಕೊರೆಯುವುದು ಕೆಲಸ.

ಪ್ರತಿ ಕೀ ಕೆಳಗೂ ಒಂದೊಂದು ಎಲ್‌ಇಡಿ ಅನ್ನುವ ಯೋಚನೆ ಅಲ್ಲಿಗೇ ಬಿಟ್ಟೆ. ಕೀಯ ನಟ್ಟನಡುವೆ ಗುಬ್ಬಿ ಇದೆ, ಅದರ ಕೆಳಗೆ ಗೆರೆಗಳ ಹಾಳೆ ಇದೆ, ಹಾಳೆಗೆ ತೂತು ಕೊರೆದರೆ ಒಂದು ಗೆರೆ ಕತ್ತರಿಸಿ ಒಂದು ಸಾಲು ಕೀಗಳೇ ಸತ್ತುಹೋಗಬಹುದು. ಕವಚವನ್ನು ಬೋರಲು ಹಾಕಿ ನೋಡುತ್ತಿದ್ದಾಗ ಬೇರೆ ದಾರಿ ಕಂಡಿತು. ಕೀಗಳ ಸಾಲಿನಿಂದ ಸಾಲಿಗೆ ಸುಮಾರು 19 ಮಿಲಿಮೀಟರ್ ದೂರ. ಕೊಳವೆಗಳು ತೆಗೆದುಕೊಳ್ಳುವ ಜಾಗ ಬಿಟ್ಟರೆ ಎರಡು ಸಾಲುಗಳ ನಡುವೆ ಉದ್ದಕ್ಕೂ ಒಂದು ಓಣಿ ಉಳಿಯುತ್ತದೆ. ಸ್ಕೇಲ್ ಇಟ್ಟು ಅಳೆದೆ, 9 ಮಿಲಿಮೀಟರ್ ಅಗಲ. ಎಲ್‌ಇಡಿ ಪಟ್ಟಿಯ ಅಗಲ 8. ಕವಚದ ತಳಕ್ಕೂ ರಬ್ಬರ್ ಹಾಸಿನ ಸಪಾಟು ಭಾಗಕ್ಕೂ ನಡುವೆ 3 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರ ಇತ್ತು. ಪಟ್ಟಿಯನ್ನು ಕವಚದ ತಳಕ್ಕೆ ಅಂಟಿಸಿ, ಪ್ರತಿ ಎಲ್‌ಇಡಿಯ ನೆತ್ತಿಗೆ ಒಂದು ತೂತು ಕೊರೆದರೆ ಬೆಳಕು ನೇರ ಸಂದಿಗೆ ಬರುತ್ತದೆ. ರಬ್ಬರಿಗೂ ಹಾಳೆಗೂ ಕೈ ಹಚ್ಚುವುದೇ ಬೇಡ.

ಪಟ್ಟಿ ತರಲು ಮೈದುನನ ಅಂಗಡಿಗೆ ಹೋದೆ. ಅವನದು ಟಿವಿ, ಮಿಕ್ಸಿ ರಿಪೇರಿ. ಎದುರಿನ ಲೈಟಿನ ಅಂಗಡಿಯಿಂದ ಒಂದು ಸುರುಳಿ ತರಿಸಿಕೊಂಡಿದ್ದೆ. ಅವನು ಅದರ ಬೆನ್ನು ತಿರುಗಿಸಿ ನೋಡಿದವನೇ ತಲೆ ಅಲ್ಲಾಡಿಸಿದ.

"ಅತ್ಗೇ, ಇದು ಹನ್ನೆರಡು ವೋಲ್ಟಿಂದು. ಸೀಲಿಂಗಿಗೆ, ಮಂಟಪಕ್ಕೆ ಹಾಕ್ತಾರಲ್ಲ, ಅದು. ಯುಎಸ್‌ಬಿಲಿ ಬರೋದು ಐದೇ. ಹತ್ತಲ್ಲ ಇದು."

ನಾನು ಕಾರಣ ಕೇಳಿದೆ, ಅವನು ಚೀಟಿಯ ಮೇಲೆ ಬರೆದು ತೋರಿಸಿದ. 12 ವೋಲ್ಟಿನ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟ್ ಬೇಕು, ಮೂರಕ್ಕೆ 9. ಐದು ವೋಲ್ಟ್ ಕೊಟ್ಟರೆ ಅದು ಮಿಸುಕುವುದೂ ಇಲ್ಲ. ಟಿವಿಯ ಹಿಂಬದಿಗೆ ಅಂಟಿಸಲು ಯುಎಸ್‌ಬಿ ಪಿನ್ ಸಮೇತ ಬರುವ ಪಟ್ಟಿ ಬೇರೆಯೇ. ಅದರಲ್ಲಿ ಪ್ರತಿ ಎಲ್‌ಇಡಿಯೂ ಕರೆಂಟನ್ನು ತಡೆದು ಕಮ್ಮಿ ಮಾಡುವ ತನ್ನದೇ ಪುಟ್ಟ ರೆಸಿಸ್ಟರ್ ಇಟ್ಟುಕೊಂಡು ನೇರವಾಗಿ 5 ವೋಲ್ಟಿಗೆ ಜೋಡಣೆಯಾಗಿರುತ್ತದೆ. ಅದನ್ನೇ ತರಿಸಿದ. ಮೀಟರಿಗೆ 60 ಎಲ್‌ಇಡಿ, 2835 ಅನ್ನುವ ಚಪ್ಪಟೆ ಜಾತಿ. ಅದರ ಎತ್ತರ ಒಂದು ಮಿಲಿಮೀಟರೂ ಇಲ್ಲ, ನನ್ನ ಓಣಿಗೆ ಹೇಳಿ ಮಾಡಿಸಿದ್ದು.

ಬಣ್ಣ ಯಾವುದು ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಹಾಲಿನಂಥ ಬಿಳಿ ಬೇಡ, ಹಳದಿ ಕಲೆತ ಬಿಳಿ, ವಾರ್ಮ್ ವೈಟ್ ಬೇಕು. ಬಿಳಿ ಎಲ್‌ಇಡಿ ಅನ್ನುವುದರ ಒಳಗಿರುವುದು ನಿಜವಾಗಿ ನೀಲಿ. ನೀಲಿ ಬೆಳಕಿನ ಚಿಪ್ ಮೇಲೆ, ಆ ನೀಲಿಯನ್ನು ಹೀರಿ ಹಳದಿ ಬೆಳಕು ಸೂಸುವ ಫಾಸ್ಫರ್ ಅನ್ನುವ ವಸ್ತು ಬಳಿದಿರುತ್ತಾರೆ, ಎರಡೂ ಕೂಡಿ ಕಣ್ಣಿಗೆ ಬಿಳಿ. ಕೆಂಪು, ಹಸಿರು ಎಲ್‌ಇಡಿಗಳು ಎಂದೋ ಬಂದಿದ್ದರೂ ಚೆನ್ನಾಗಿ ಹೊಳೆಯುವ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೋ, ನಕಾಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇಂದು ನಮ್ಮ ಮನೆಗಳಲ್ಲಿ ಉರಿಯುವ ಎಲ್‌ಇಡಿ ಬಲ್ಬುಗಳೂ ಆ ನೀಲಿಯ ಮಕ್ಕಳೇ. ಫಾಸ್ಫರ್ ದಪ್ಪ ಇದ್ದಷ್ಟೂ ನೀಲಿ ಅಡಗಿ ಬೆಳಕು ಬೆಚ್ಚಗಾಗುತ್ತದೆ. ರಾತ್ರಿ ಹೊತ್ತು, ಅದರಲ್ಲೂ ವಯಸ್ಸಾದವರು ಪಕ್ಕದಲ್ಲಿ ಮಲಗಿರುವಾಗ, ಚುಚ್ಚುವ ನೀಲಿ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಆಮೇಲೆ ಕರೆಂಟಿನ ಲೆಕ್ಕ. ಇದನ್ನು ಹಾರಿಸಿ ಮುಂದೆ ಹೋಗಬಾರದು ಅಂತ ಯಾರಿಗಾದರೂ ಕೈಮುಗಿದು ಹೇಳುತ್ತೇನೆ. ಹಳೇ ಯುಎಸ್‌ಬಿ 2.0 ಪೋರ್ಟ್ ಒಂದು ಸಲಕರಣೆಗೆ ಹೆಚ್ಚೆಂದರೆ 500 ಮಿಲಿಆಂಪಿಯರ್ (ಹರಿಯುವ ಕರೆಂಟಿನ ಅಳತೆ) ಕೊಡಬೇಕು ಅನ್ನುವುದು ನಿಯಮ. ಅದೂ ಸಲಕರಣೆ ಮೊದಲು ಕಂಪ್ಯೂಟರನ್ನು ಕೇಳಿಕೊಂಡಿದ್ದರೆ, ಕೇಳದಿದ್ದರೆ 100. ನನ್ನ ಕೀಬೋರ್ಡಿನ ಸ್ಟಿಕ್ಕರ್ ಮೇಲೆ ಬರೆದದ್ದೂ 100 ಮಿಲಿಆಂಪಿಯರ್ರೇ. ಓಣಿಗಳು ನಾಲ್ಕು, ಒಂದೊಂದಕ್ಕೆ 16 ಎಲ್‌ಇಡಿ, ಒಟ್ಟು 64. ಕತ್ತರಿಸಿದ ನಾಲ್ಕೂ ತುಂಡುಗಳನ್ನು ಮೊಬೈಲ್ ಚಾರ್ಜರಿಗೆ ಕಟ್ಟಿ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದರೆ 700 ದಾಟಿತು. ಕಣ್ಣು ಬಿಡಲಾಗದಷ್ಟು ಬೆಳಕು. ಇದನ್ನು ನೇರ ಕೀಬೋರ್ಡ್ ತಂತಿಗೆ ಬೆಸೆದರೆ ಕಂಪ್ಯೂಟರ್ ಆ ಪೋರ್ಟನ್ನೇ ಮುಚ್ಚಿಬಿಡಬಹುದು, ಕೀಬೋರ್ಡ್ ನಿಂತೇ ಹೋಗುತ್ತದೆ.

ಪರಿಹಾರ ಸರಳ, ಒಂದು ರೆಸಿಸ್ಟರ್. ಕರೆಂಟ್ ಕಮ್ಮಿ ಆದಷ್ಟೂ ಎಲ್‌ಇಡಿಗೆ ಬೇಕಾದ ವೋಲ್ಟೇಜೂ ಸ್ವಲ್ಪ ಇಳಿಯುತ್ತದೆ, ಒಂದೊಂದಕ್ಕೆ 2 ಮಿಲಿಆಂಪಿಯರ್ ಮಾತ್ರ ಹರಿಯುವಾಗ ಅದು 2.7 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಪಟ್ಟಿಯ ಮೇಲಿನ ಪುಟ್ಟ ರೆಸಿಸ್ಟರ್ ತನ್ನ ಪಾಲು ನುಂಗಿದ ಮೇಲೆ ಸುಮಾರು 2 ವೋಲ್ಟ್ ಮಿಗುತ್ತದೆ. ಅದನ್ನು ತಡೆಯಲು 15 ಓಮ್ (ರೆಸಿಸ್ಟರಿನ ತಡೆಯ ಅಳತೆ) ಸಾಕು. ಕಂದು, ಹಸಿರು, ಕಪ್ಪು ಪಟ್ಟೆಯದು. ಹಾಕಿ ಅಳೆದಾಗ ಕರೆಂಟ್ 130 ಮಿಲಿಆಂಪಿಯರಿನ ಆಸುಪಾಸಿನಲ್ಲಿ ನಿಂತಿತು. ಕಾಲು ವಾಟ್ ಶಾಖ ಆ ರೆಸಿಸ್ಟರಿನಲ್ಲೇ ಖರ್ಚಾಗುತ್ತದೆ, ಅದಕ್ಕೇ ಅರ್ಧ ವಾಟಿನದು ಹಾಕಿದೆ. ಇನ್ನೊಂದು 47 ಓಮಿನದನ್ನೂ ತಂದಿದ್ದೆ. ಅದರಲ್ಲಿ 50ಕ್ಕೂ ಕಮ್ಮಿ. ನಡುವೆ ಆಫ್ ಇರುವ ಪುಟ್ಟ ಟಾಗಲ್ ಸ್ವಿಚ್ಚಿನ ಒಂದು ಬದಿಗೆ 15, ಇನ್ನೊಂದು ಬದಿಗೆ 47 ಬೆಸೆದರೆ ಎರಡು ಮಟ್ಟದ ಬೆಳಕು. ಅಂಗಡಿಯ ಕೀಬೋರ್ಡಿನಲ್ಲಿ ಸಿಗದ ಅನುಕೂಲ ಇದೇ ನೋಡಿ. ಕರೆಂಟ್ ಮೂರನೇ ಒಂದು ಪಾಲಿಗೆ ಇಳಿದರೂ ಕಣ್ಣಿಗೆ ಬೆಳಕು ಅಷ್ಟೊಂದು ಇಳಿದಂತೆ ಕಾಣುವುದಿಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅಷ್ಟೇ ಧಾರಾಳ.

ತೂತು ಕೊರೆಯುವ ಮುಂಚೆ ಕೀಗಳನ್ನೆಲ್ಲ ತೆಗೆಯಬೇಕು. ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡೆ. ಜೆಮ್ ಕ್ಲಿಪ್ ಬಿಡಿಸಿ ಎರಡು ಕೊಕ್ಕೆ ಮಾಡಿಕೊಂಡು ಕೀಯ ಎರಡೂ ಬದಿಗೆ ತೂರಿಸಿ ನೇರ ಮೇಲೆ ಎತ್ತಿದರೆ ಟಪ್ಪನೆ ಬರುತ್ತದೆ. ಓರೆ ಎಳೆದರೆ ಕಾಲಿನ ಕೊಕ್ಕೆ ಮುರಿಯುತ್ತದೆ. ಸ್ಪೇಸ್‌ಬಾರ್, ಎಂಟರ್ ಥರದ ಉದ್ದ ಕೀಗಳ ಅಡಿಯಲ್ಲಿ ಒಂದು ಬಾಗಿದ ತಂತಿ ಇರುತ್ತದೆ, ಯಾವ ತುದಿ ಒತ್ತಿದರೂ ಕೀ ಸಮನಾಗಿ ಇಳಿಯಲಿ ಅಂತ. ಅದರ ಕಿವಿಗಳು ಎಲ್ಲಿ ಸಿಕ್ಕಿಕೊಂಡಿವೆ ಅಂತ ನೋಡಿಕೊಂಡೇ ಬಿಡಿಸಬೇಕು. ಕೀಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿ ತೊಳೆದು, ಮಹಡಿ ಮೇಲೆ ಬಟ್ಟೆ ಹಾಸಿ ಒಣಗಿಸಿದೆ.

ಕವಚದ ತಳದ ಓಣಿಯಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಏಣುಗಳು ಇರುತ್ತವೆ, ಕವಚ ಬಾಗದಿರಲಿ ಅಂತ ಕೊಟ್ಟ ಬಲ ಅದು. ಪೂರ್ತಿ ಕೆರೆದು ಹಾಕಿದರೆ ಕವಚ ಜಗ್ಗುತ್ತದೆ, ಟೈಪ್ ಮಾಡುವಾಗ ಕೈಗೆ ಅದು ಗೊತ್ತಾಗಿಬಿಡುತ್ತದೆ. ಪಟ್ಟಿ ಕೂರುವಷ್ಟು ಮಾತ್ರ ಕಟರಿನಿಂದ ಕಚ್ಚು ತೆಗೆದೆ. ಪಟ್ಟಿಯನ್ನು ಓಣಿಯಲ್ಲಿಟ್ಟು ಎಲ್‌ಇಡಿಗಳ ಜಾಗವನ್ನು ಬಿಳಿ ಪೆನ್ಸಿಲ್‌ನಲ್ಲಿ ಗುರುತಿಸಿದೆ. 3 ಮಿಲಿಮೀಟರ್ ಬಿಟ್, ಮೈದುನನ ಕೈ ಡ್ರಿಲ್. ಪ್ಲಾಸ್ಟಿಕ್ಕಿಗೆ ವೇಗ ಆಗದು, ಬಿಸಿಯಾಗಿ ಕರಗಿ ಬಿಟ್ಟಿಗೇ ಸುತ್ತಿಕೊಳ್ಳುತ್ತದೆ. ನಿಧಾನಕ್ಕೆ, ಕೆಳಗೆ ಮರದ ತುಂಡು ಕೊಟ್ಟು ಕೊರೆಯಬೇಕು. ಬರುವ ಸುರುಳಿ ಸುರುಳಿ ಕರಿ ಚೂರು ಕೊಳವೆಯೊಳಗೆ ಉಳಿಯಬಾರದು, ಉಳಿದರೆ ಕೀ ತಡೆಯುತ್ತದೆ. ಪ್ರತಿ ಕೊಳವೆಗೂ ಇಯರ್‌ಬಡ್ ಹಾಕಿ ತಿರುಗಿಸಿ ತೆಗೆದೆ. ಬೇಜಾರಿನ ಕೆಲಸ, ಆದರೆ ಬಿಡುವಂಥದ್ದಲ್ಲ.

ಏನನ್ನೂ ಅಂಟಿಸುವ ಮುಂಚೆ ಪಟ್ಟಿಗಳನ್ನು ಸೆಲ್ಲೋಟೇಪಿನಿಂದ ಹಿಡಿಸಿ, ಕೀಗಳನ್ನು ಕೂರಿಸಿ, ಕತ್ತಲಲ್ಲಿ ಹೊತ್ತಿಸಿ ನೋಡಿದೆ. ಬೆಳಕು ಬಂತು, ಆದರೆ ಚುಕ್ಕೆ ಚುಕ್ಕೆಯಾಗಿ. ಎದುರು ಕೂತವರಿಗೆ ಪ್ರತಿ ತೂತೂ ಕಣ್ಣಿಗೆ ಹೊಡೆಯುತ್ತಿತ್ತು. ಎಲ್‌ಇಡಿಗಳ ನಡುವಿನ ಅಂತರ 16 ಮಿಲಿಮೀಟರ್ ಚಿಲ್ಲರೆ, ಕೀಗಳದು 19. ಹಾಗಾಗಿ ಒಂದು ಕಡೆ ಚುಕ್ಕೆ ಕೀಯ ಮೂಲೆಗೆ, ಇನ್ನೊಂದು ಕಡೆ ನಡುವಿಗೆ. ಎರಡು ಸಣ್ಣ ಉಪಾಯಗಳಿಂದ ಇದು ಸರಿಹೋಯಿತು. ಒಂದು, ಎಲ್‌ಇಡಿಗೂ ತೂತಿಗೂ ನಡುವೆ ಬಟರ್ ಪೇಪರ್ ಪಟ್ಟಿ, ಎರಡು ಮಡಿಕೆ. ಇನ್ನೊಂದು, ಕವಚದ ಮೇಲ್ಮೈ. ಅದು ಕಪ್ಪು, ಬಿದ್ದ ಬೆಳಕನ್ನೆಲ್ಲ ಕುಡಿದುಬಿಡುತ್ತದೆ. ಬಿಳಿ ಬಣ್ಣ ಹೊಡೆಯೋಣ ಅಂದರೆ ಕೊಳವೆಯೊಳಗೆ ಒಂದು ಹನಿ ಇಳಿದರೂ ಕೀ ಅಂಟಿಕೊಳ್ಳುತ್ತದೆ. ಪಿ.ಬಿ. ರಸ್ತೆ ಕಡೆ ಗಾಡಿಗಳಿಗೆ ರೇಡಿಯಂ ಕಟಿಂಗ್ ಮಾಡುವವರ ಹತ್ತಿರ ಬಿಳಿ ಸ್ಟಿಕ್ಕರ್ ಹಾಳೆಯ ಚೂರು ಕೇಳಿದೆ. "ತಗಳ್ರಿ ಅಕ್ಕಾರೆ, ಹೆಂಗೂ ಬಿಸಾಕದೇ ಇದು" ಅಂತ ಒಂದು ಮುಷ್ಟಿ ಕೊಟ್ಟರು. ಅದನ್ನು ಸಣ್ಣ ಪಟ್ಟಿ ಮಾಡಿ ಸಾಲುಗಳ ನಡುವೆ ಅಂಟಿಸಿ, ತೂತಿನ ಜಾಗದಲ್ಲಿ ಸೂಜಿಯಿಂದ ಬಿಡಿಸಿದೆ. ಮತ್ತೆ ಹೊತ್ತಿಸಿದಾಗ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಗೆರೆಯಾಗಿದ್ದವು. ಬಿಳಿಗೆ ಬಡಿದ ಬೆಳಕು ಕೀಗಳ ಅಡಿಯಲ್ಲೇ ಹರಡಿ ಎಲ್ಲ ಸಂದಿಗಳಿಂದಲೂ ಹೊರಗೆ ಬರುತ್ತಿತ್ತು. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಈ ಗಳಿಗೆ.

ಬೆಸುಗೆಯನ್ನೆಲ್ಲ ಕೀಬೋರ್ಡಿನಿಂದ ದೂರ, ಹಲಗೆಯ ಮೇಲೆ ಮಾಡಿದೆ. ಪಾಲಿಯೆಸ್ಟರ್ ಹಾಳೆ ಸೋಲ್ಡರಿಂಗ್ ಐರನ್ನಿನ ಬಿಸಿಗೆ ಕ್ಷಣದಲ್ಲಿ ಸುಕ್ಕುಗಟ್ಟುತ್ತದೆ. 25 ವಾಟಿನ ಐರನ್, ತೆಳು ಲೆಡ್, ಪಟ್ಟಿಯ ತಾಮ್ರದ ಮೇಲೆ ಚೂರು ಪೇಸ್ಟ್. ನಾಲ್ಕೂ ಪಟ್ಟಿಗಳ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಆಮೇಲೆ ಗ್ಲೂ ಗನ್‌ನಿಂದ ಅಲ್ಲಲ್ಲಿ ಹನಿ ಹಾಕಿ ಕವಚದ ತಳಕ್ಕೆ ಕೂರಿಸಿದೆ.

ಕರೆಂಟ್ ತೆಗೆದುಕೊಳ್ಳಬೇಕಾದ್ದು ಕೀಬೋರ್ಡಿನ ಬಲಮೂಲೆಯ ಪುಟ್ಟ ಸರ್ಕ್ಯೂಟ್ ಹಲಗೆಯಿಂದ. ನಡುವೆ ಒಂದು ಕರಿ ಗುಬುಟು, ಚಿಪ್ಪನ್ನು ಅದರೊಳಗೇ ಮುಚ್ಚಿರುತ್ತಾರೆ. ಯುಎಸ್‌ಬಿ ತಂತಿಯಲ್ಲಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಮತ್ತು ಬಿಳಿ ಮಾಹಿತಿಗೆ. ನಿಯಮ ಹಾಗೆ ಹೇಳುತ್ತದೆ, ಅಗ್ಗದ ಮಾಲಿನಲ್ಲಿ ಬಣ್ಣ ನಂಬುವ ಹಾಗಿಲ್ಲ. ಮೀಟರಿನಿಂದ 5 ವೋಲ್ಟ್ ಎಲ್ಲಿ ಬರುತ್ತಿದೆ ಅಂತ ನೋಡಿಕೊಂಡ ಮೇಲೆಯೇ ಎರಡು ತೆಳು ವೈರ್ ಬೆಸೆದೆ. ಈ ಹಲಗೆಯ ಅಂಚಿಗೆ ಪಾಲಿಯೆಸ್ಟರ್ ಹಾಳೆಯ ಬಾಲವನ್ನು ಒಂದು ರಬ್ಬರ್ ಪಟ್ಟಿ ಮತ್ತು ಸ್ಕ್ರೂಗಳು ಅಮುಕಿ ಹಿಡಿದಿರುತ್ತವೆ. ಆ ಸ್ಕ್ರೂಗಳನ್ನು ಮುಟ್ಟಲಿಲ್ಲ. ಅಲ್ಲಿ ಬೆಸುಗೆ ಇಲ್ಲ, ಬರೀ ಒತ್ತಡದ ಮೇಲೆ ನಿಂತ ಸಂಪರ್ಕ. ಕೂದಲೆಳೆಯಷ್ಟು ಸರಿದರೂ ಒಂದು ಗುಂಪು ಕೀಗಳು ಒಟ್ಟಿಗೇ ಕೆಲಸ ನಿಲ್ಲಿಸುತ್ತವೆ. ಸ್ವಿಚ್ಚಿಗೆ ಹಿಂಬದಿಯ ಅಂಚಿನಲ್ಲಿ ತೂತು ಮಾಡಿದೆ. ಡೆಸ್ಕ್‌ಟಾಪ್ ಆಫ್ ಮಾಡಿದರೂ ಹಲವು ಯಂತ್ರಗಳಲ್ಲಿ ಯುಎಸ್‌ಬಿಗೆ ಕರೆಂಟ್ ಬರುತ್ತಲೇ ಇರುತ್ತದೆ, ಸ್ವಿಚ್ ಇಲ್ಲದಿದ್ದರೆ ರಾತ್ರಿಯಿಡೀ ಉರಿಯುತ್ತಿರುತ್ತದೆ.

ಎಲ್ಲ ಮುಚ್ಚಿ, ಸ್ಕ್ರೂ ಬಿಗಿದು, ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತಿ ಪರೀಕ್ಷೆ ಮಾಡಿದೆ. ಎಲ್ಲವೂ ಬಿದ್ದವು, ಒತ್ತುವ ಹದವೂ ಮೊದಲಿನದೇ. ಆ ರಾತ್ರಿಯೇ ಒಂದು ಸೊಸೈಟಿ ವರದಿ ಇತ್ತು, ಅಂಕಿ ತುಂಬಿದ್ದು.

ಈಗ ಇದರ ಗುಣ-ಮಿತಿ ಎರಡನ್ನೂ ಇದ್ದ ಹಾಗೆ ಹೇಳಬೇಕು. ಕತ್ತಲಲ್ಲಿ ಪ್ರತಿ ಕೀಯ ಸುತ್ತ ಬೆಳಕಿನ ಅಂಚು ಕಾಣುತ್ತದೆ. ಮೌಸ್‌ನಿಂದ ವಾಪಸ್ ಬಂದ ಕೈ ತಡವರಿಸದೆ ಜಾಗಕ್ಕೆ ಇಳಿಯುತ್ತದೆ. ಎಡಮೂಲೆ ಎಲ್ಲಿ, ಅಂಕಿಯ ಸಾಲು ಎಲ್ಲಿ ಮುಗಿಯುತ್ತದೆ, ಸಂದಿಗಳ ಗೆರೆ ನೋಡಿದರೆ ಗೊತ್ತು. ಬೆರಳಿಗೆ ಟೈಪಿಂಗ್ ಬರುವವರಿಗೆ ಬೇಕಾದ್ದು ಅಷ್ಟೇ. ಆದರೆ ಕೀ ಮೇಲಿನ ಅಕ್ಷರ ಓದಬೇಕು ಅನ್ನುವವರಿಗೆ ಇದು ಸಾಲದು. ಅಕ್ಷರ ಮೇಲ್ಮೈಯಲ್ಲಿದೆ, ಬೆಳಕು ಬದಿಯಿಂದ ಬರುತ್ತದೆ.

ಅದಕ್ಕೂ ದಾರಿ ಸಿಕ್ಕಿತು, ಉಳಿದ ಪಟ್ಟಿಯಿಂದ. ಅಂಗೈ ಉದ್ದದ ತುಂಡೊಂದನ್ನು ಮಾನಿಟರಿನ ಕೆಳ ಅಂಚಿಗೆ, ಮುಖ ಕೆಳಗೆ ಮಾಡಿ ಅಂಟಿಸಿದೆ. ಅದಕ್ಕೆ ಬೇರೆ ಯುಎಸ್‌ಬಿ ಪೋರ್ಟ್, ನಡುವೆ ಒಂದು ರೆಸಿಸ್ಟರ್. ಬೆಳಕು ಕೀಗಳ ನೆತ್ತಿಗೇ ಬೀಳುತ್ತದೆ, ಅಕ್ಷರ ಓದಲು ಬರುತ್ತದೆ. ಪರದೆಯ ಅಂಚು ಮರೆಯಾಗಿರುವುದರಿಂದ ಎದುರು ಕೂತವರ ಕಣ್ಣಿಗೂ ಹೊಡೆಯುವುದಿಲ್ಲ, ಮಂಚದ ಕಡೆಗೂ ಹೋಗುವುದಿಲ್ಲ. ಮಗಳು ಕೀ ನೋಡಿಕೊಂಡು ಹೊಡೆಯುವವಳು, ಅವಳಿಗೆ ಇದೇ ಇಷ್ಟ. ಅಕ್ಷರ ಕಂಡರೆ ಸಾಕು ಅನ್ನುವವರು ಕೀಬೋರ್ಡ್ ಬಿಚ್ಚುವ ಗೋಜಿಗೇ ಹೋಗಬೇಡಿ, ಮಾನಿಟರಿನ ಪಟ್ಟಿಯೊಂದೇ ಸಾಕು ಅಂತ ನಾನು ಹೇಳುತ್ತೇನೆ. ಕೈಗೆ ಜಾಗದ ಗುರುತು ಬೇಕು, ಬೇರೆ ಬೆಳಕೇ ಬೇಡ ಅನ್ನುವವರು ಮಾತ್ರ ಕೊರೆಯುವ ಕೆಲಸಕ್ಕೆ ಇಳಿಯಿರಿ. ನನಗೆ ಅದೇ ಬೇಕಿತ್ತು. ಲೇಖನ ಹೊಡೆಯುವಾಗ 47 ಓಮಿನ ಕಡೆ ಸ್ವಿಚ್ ಹಾಕಿಕೊಂಡು ಕೂರುತ್ತೇನೆ, ಕೋಷ್ಟಕ ಬಂದರೆ 15ರ ಕಡೆ.

ನಮ್ಮ ಅತ್ತೆ ಒಂದು ದಿನ ಬೆಳಿಗ್ಗೆ, "ರಾತ್ರಿ ಕೆಲ್ಸ ಇರ್ಲಿಲ್ಲೇನವ್ವ, ಬೇಗ ಮಲಗ್ದಂಗಿತ್ತು" ಅಂದರು. ನಾನು ಕೆಲಸ ಮುಗಿಸಿ ಕೀಬೋರ್ಡಿನ ಮುಂದಿನಿಂದ ಎದ್ದಾಗ ರಾತ್ರಿ ಎರಡು ಗಂಟೆ ದಾಟಿತ್ತು.

ಬಲಗಡೆಯ ನಂಬರ್ ಪ್ಯಾಡ್‌ಗೆ ಬೆಳಕು ಹಾಕಿಲ್ಲ. ಅಲ್ಲಿ ಓಣಿಯ ನಡುವೆಯೇ ಸ್ಕ್ರೂ ಕೂರುವ ಕಂಬ ಇದೆ, ಪಟ್ಟಿಯನ್ನು ಎರಡು ತುಂಡು ಮಾಡಿ ವೈರಿನಿಂದ ಸುತ್ತು ಹಾಕಿಸಬೇಕು. ಎಲ್‌ಇಡಿ ಹೆಚ್ಚಾದರೆ ಬೆಳಕು ಹಂಚಿಹೋಗುತ್ತದೆ, ರೆಸಿಸ್ಟರ್ ಬದಲಿಸಿ ಕರೆಂಟ್ ಮತ್ತೆ ಅಳೆಯಬೇಕು. ಮಾರ್ಚಿ ಮುಗಿದು ಸೊಸೈಟಿಗಳ ಆಡಿಟ್ ವರದಿ ಬರಲು ಶುರುವಾಗುವ ಮುಂಚೆ ಅದನ್ನೂ ಮಾಡಿ ಮುಗಿಸುವ ಮನಸ್ಸಿದೆ. ಮೈದುನ ಆಗಲೇ 12 ಓಮಿನ ರೆಸಿಸ್ಟರ್ ಒಂದನ್ನು ತೆಗೆದಿಟ್ಟಿದ್ದಾನೆ.